ತೋಟಗಾರನಿಗೆ ಆಗದ ಗಿಡ

ತೋಟ ಮಾಡುವವರನ್ನು ‘ನಿಮಗೆ ಮೆಚ್ಚಿನ ಹೂ ಯಾವುದು?’ ಎಂದು ಕೇಳಿದರೆ ತುಸು ಯೋಚಿಸುತ್ತಾರೆ. ‘ಆಗದ ಗಿಡ ಯಾವುದು?’ ಎಂದು ಕೇಳಿ ನೋಡಿರಿ. ಉತ್ತರ ಥಟ್ಟನೆ ಬರುತ್ತದೆ. ಒಬ್ಬರಿಗೆ ಕಣಗಿಲೆಯ ವಾಸನೆ ಸೇರದು, ಇನ್ನೊಬ್ಬರಿಗೆ ಕಾಗದದ ಹೂವಿನ ಮುಳ್ಳು ಆಗದು. ಅದು ಅವರವರ ರುಚಿ. ಆದರೆ ತುಂಗಭದ್ರಾ ಅಣೆಕಟ್ಟಿನ ಸುತ್ತಿನ ಸೀಮೆಯಲ್ಲಿ, ಹೊಸಪೇಟೆಯಿಂದ ಕಂಪ್ಲಿಯವರೆಗೆ ಯಾರ ಹಿತ್ತಲಿಗೆ ಹೋದರೂ, ಒಂದು ಹೆಸರಿಗೆ ಮುಖ ಸಿಂಡರಿಸದವರು ಅಪರೂಪ. ಅದು ಬಳ್ಳಾರಿ ಜಾಲಿ.

ಊರ ಹೆಸರನ್ನೇ ಹೊತ್ತಿರುವುದರಿಂದ ಇದು ಇಲ್ಲಿಯದೇ ಗಿಡವೆಂದು ತಾವು ತಿಳಿದಿರಬಹುದು. ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳ ಕಡೆ. ಹೆರಾತಿನ ರಾಯಭಾರಿ ಅಬ್ದುರ್ ರಜಾಕನು 1443ರಲ್ಲಿ ವಿಜಯನಗರವನ್ನು ಕಂಡು, ಇಲ್ಲಿಯ ಜನರಿಗೆ ಅನ್ನದಷ್ಟೇ ಗುಲಾಬಿಯೂ ಬೇಕೆಂದು ಬರೆದಿಟ್ಟನಷ್ಟೆ. ಆ ಗುಲಾಬಿ ಮಾರುವವರು ಈ ಜಾಲಿಯನ್ನು ಕಂಡವರಲ್ಲ. ಕೊಲಂಬಸನು ಅಮೆರಿಕದ ನೆಲ ಕಂಡದ್ದೇ 1492ರಲ್ಲಿ.

ಹಾಗಾದರೆ ಇದು ಬಂದುದು ಹೇಗೆ? ಬೇಡಿ ಕರೆಸಿಕೊಂಡೆವು. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಮೈಸೂರಿಗೆ ಬಂದುದು 1953ರಲ್ಲಿ. 1876ರಲ್ಲಿ ಆ ಪ್ರಾಂತದ ಅರಣ್ಯಾಧಿಕಾರಿ ಬೆಡ್ಡೋಮ್ ಅವರು ಒಣ ನೆಲಕ್ಕೆ ಒಗ್ಗುವ ಈ ಮರದ ಬೀಜ ತರಿಸಬೇಕೆಂದು ಸರಕಾರಕ್ಕೆ ಬರೆದರು. ಅದು ಮಹಾಕ್ಷಾಮ ಕಾಲಿಟ್ಟ ವರ್ಷ. ಮರುವರ್ಷ ಜಮೈಕಾದ ಬೀಜ ಕಮಲಾಪುರದಲ್ಲಿ ಮೊಳೆಯಿತು. ಹಂಪೆಯ ಮಗ್ಗುಲಿನ ನಮ್ಮ ಕಮಲಾಪುರವಲ್ಲ, ಕಡಪ ಜಿಲ್ಲೆಯದು. ಸೌದೆಯಿಲ್ಲದ, ನೆರಳಿಲ್ಲದ ಸೀಮೆಗೆ ಅದು ವರವಾಗಿ ಕಂಡಿದ್ದರೆ ಆಶ್ಚರ್ಯವೇನು?

ಬೇಲಿಗೆ ಇದಕ್ಕಿಂತ ಒಳ್ಳೆಯದು ಸಿಕ್ಕೀತೆ? ಮುಳ್ಳುಂಟು, ನೀರು ಬೇಡ, ಎಲೆಗೆ ದನಕರು ಬಾಯಿ ಹಾಕವು. ಕಾಯಿ ಮಾತ್ರ ಸಿಹಿ. ಆಡು ಕುರಿಗಳು ಅದನ್ನು ಮೆಂದು, ಬೀಜವನ್ನು ಹಿಕ್ಕೆಯೊಡನೆ ಹೋದಲ್ಲೆಲ್ಲ ಬಿತ್ತಿದವು. ಮೇಲೆ ಕಡಿದರೆ ಬುಡದಿಂದ ಹತ್ತು ಚಿಗುರು ಏಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಬಲ್ಲೆವು. ಇಲ್ಲಿ ಅದನ್ನು ಕಣ್ಣಾರೆ ನೋಡಬಹುದು.

ಇದಕ್ಕೂ ಮೊದಲು ಒಮ್ಮೆ ಹೀಗಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದ್ರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ ಅವರು, ಕೆಂಪು ಬಣ್ಣ ಕೊಡುವ ಹುಳುವನ್ನು ಸಾಕಬೇಕೆಂದು ಪಾಪಾಸುಕಳ್ಳಿಯ ತೋಟವನ್ನೇ ಹಾಕಿಸಿದರು. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಆ ಜಾತಿಯ ಕಳ್ಳಿಗಳು ಮಾತ್ರ ಬೇಲಿಯ ನೆಪದಲ್ಲಿ ಊರೂರಿಗೆ ಹಬ್ಬಿ ನೆಲ ನುಂಗಿದವು. ಕೊನೆಗೆ 1926ರಲ್ಲಿ ಆ ಬಣ್ಣದ ಹುಳುವಿನ ದಾಯಾದಿಯೊಂದನ್ನು ಸಿಂಹಳದಿಂದ ತಂದು ಬಿಡಬೇಕಾಯಿತು. ಕೆಲವೇ ವರ್ಷಗಳಲ್ಲಿ ಕಳ್ಳಿಯ ಮೆಳೆಗಳು ಕರಗಿದವು. ಜಾಲಿಗೆ ಅಂಥ ಶತ್ರು ಇಲ್ಲಿ ದೊರೆತಿಲ್ಲ. ಚೆಲುವಿಗೆಂದು ಕಲಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಲಂಟಾನದ ಕಥೆಯೂ ಇಂಥದೇ. ಅದನ್ನು ಕಾಡಿನ ಸೀಮೆಯವರು ಹೇಳಬೇಕು.

ಹೊರಗಿನಿಂದ ಬಂದುದೇ ತಪ್ಪೆನ್ನೋಣವೆ? ಆಯುಧಪೂಜೆಗೆ ನಾವು ಮಾರುಗಟ್ಟಲೆ ಕೊಳ್ಳುವ ಚೆಂಡುಹೂವೂ ಮೆಕ್ಸಿಕೊದ್ದೇ. ಅದನ್ನು ಬೈದ ತೋಟಗಾರನನ್ನು ನಾನು ಕಂಡಿಲ್ಲ. ನೆಟ್ಟಲ್ಲೇ ನಿಲ್ಲುವ ನೆಂಟ ಅದು.

ಇಷ್ಟಾದರೂ ಜಾಲಿಯನ್ನು ಬೈಯುವಾಗ ನನಗೆ ನಾಲಗೆ ಸ್ವಲ್ಪ ತಡೆಯುತ್ತದೆ. ಅಡಿಗೆಯ ಅನಿಲ ಬರುವ ಮುನ್ನ ಈ ಬಯಲುಸೀಮೆಯ ಎಷ್ಟೋ ಒಲೆಗಳು ಉರಿದದ್ದು ಇದರಿಂದ. ಹೊಲವಿಲ್ಲದ ಮನೆಯ ಹೆಂಗಸು ಯಾರ ಹಂಗೂ ಇಲ್ಲದೆ ಹೊರೆ ಕಟ್ಟಿ ತರಬಹುದಾಗಿದ್ದ ಸೌದೆ ಇದು. ಇದ್ದಿಲು ಸುಟ್ಟು ಬದುಕಿದವರೂ ಉಂಟು. ಕ್ಷಾಮದ ವರ್ಷದಲ್ಲಿ ಬೀಜ ಬೇಡಿದವರ ಲೆಕ್ಕ ಪೂರ್ತಿ ತಪ್ಪಾಗಿರಲಿಲ್ಲ. ನಮ್ಮ ಹೂದೋಟಕ್ಕೆ ಶತ್ರುವಾದುದು ಅವರ ಒಲೆಗೆ ನೆಂಟ.

ತಮ್ಮ ಹಿತ್ತಲಿನಲ್ಲಿ ಅದರ ಸಸಿ ಕಂಡರೆ ಎಳೆಯದಿರುವಾಗಲೇ, ಮಳೆ ಬಿದ್ದು ನೆಲ ಮೆತ್ತಗಾದ ದಿನ, ಬೇರುಸಹಿತ ಕಿತ್ತುಬಿಡಿರಿ. ಬಲಿತದ್ದಾದರೆ ಕೊಡಲಿಯೊಂದೇ ಸಾಲದು. ಗುದ್ದಲಿ ಹಿಡಿದು ಮಣ್ಣಿನೊಳಗಿನ ಬುಡವನ್ನೂ ಅಗೆದು ತೆಗೆಸಬೇಕು. ಕಡಿದ ಕೊಂಬೆಗಳಿಗೆ ಅಲ್ಲೇ ಬೆಂಕಿ ಇಡಬೇಡಿರಿ. ಒಂದೆರಡು ದಿನ ಬೀದಿಬದಿಗೆ ಒಟ್ಟಿಡಿರಿ, ಬೇಕಾದವರು ಕೇಳಿಕೊಂಡು ಬರುತ್ತಾರೆ.