ಮಾಲಾಡಿಗೆ ಬಂದ ಜುಮುಕಿ ಹೂ

ಮಾಲಾಡಿನ ಓರ್ಲೆಂ ಕಡೆ ಇರುವ ನಮ್ಮ ಫ್ಲ್ಯಾಟಿಗೆ ಫ್ಯೂಷಿಯಾ ಗಿಡ ಬಂದದ್ದು 2018ರ ಅಕ್ಟೋಬರಿನಲ್ಲಿ, ಮತ್ಸ್ಯಗಂಧ ರೈಲಿನಲ್ಲಿ, ಅಮ್ಮನ ತೊಡೆಯ ಮೇಲೆ ಕುಳಿತು. ಆ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಕುಸಿದಾಗ ಮಕ್ಕಂದೂರಿನ ನಮ್ಮ ಮನೆಯ ಹಿಂಬದಿ ಅಡುಗೆಮನೆ ಸಮೇತ ಮಣ್ಣಿನೊಂದಿಗೆ ಹೋಯಿತು. ಮುಂದಿನ ಜಗಲಿ ಉಳಿಯಿತು, ಜಗಲಿಯ ತೊಲೆಗೆ ತೂಗುಹಾಕಿದ್ದ ಕುಂಡವೂ ಉಳಿಯಿತು. ಎರಡು ತಿಂಗಳು ಪರಿಹಾರ ಕೇಂದ್ರ, ನೆಂಟರ ಮನೆ ಅಂತ ಸುತ್ತಿ ಕೊನೆಗೆ ನನ್ನಲ್ಲಿಗೆ ಹೊರಟ ಅಮ್ಮ ನೀರಿನ ದೊಡ್ಡ ಪ್ಲಾಸ್ಟಿಕ್ ಕ್ಯಾನಿನ ತಳ ಕತ್ತರಿಸಿ, ಗಿಡದ ಮೇಲೆ ಬೋರಲು ಹಾಕಿ ತಂದಿದ್ದಳು. ಎದುರು ಸೀಟಿನವರು ಒಳಗೆ ದೇವರೇನಾದರೂ ಇದೆಯಾ ಅಂತ ಕೇಳಿದರಂತೆ.

ಅಮ್ಮನ ಬಾಯಲ್ಲಿ ಅದು ಜುಮುಕಿ ಹೂ. ಕೆಂಪು ದಳ ಮೇಲಕ್ಕೆ ಮಡಚಿ, ಒಳಗಿನ ನೇರಳೆ ಲಂಗ ಕೆಳಗೆ ಇಳಿಬಿದ್ದು, ಕೇಸರಗಳು ಜೋತಾಡುವುದನ್ನು ನೋಡಿದರೆ ಬೇರೆ ಹೆಸರು ಬೇಕೆನಿಸುವುದಿಲ್ಲ. ಪುಸ್ತಕದ ಹೆಸರಿನ ಕತೆ ಬೇರೆ. 1690ರ ದಶಕದಲ್ಲಿ ಕೆರಿಬಿಯನ್ನಿನ ಹಿಸ್ಪಾನಿಯೋಲ ದ್ವೀಪದಲ್ಲಿ ಈ ಜಾತಿಯ ಗಿಡ ಕಂಡ ಫ್ರೆಂಚ್ ಪಾದ್ರಿ ಚಾರ್ಲ್ಸ್ ಪ್ಲೂಮಿಯೇ, ಅದಕ್ಕೆ ಜರ್ಮನಿಯ ವೈದ್ಯ ಲಿಯೋನ್‌ಹಾರ್ಟ್ ಫುಕ್ಸ್‌ನ ಹೆಸರಿಟ್ಟ. 1703ರಲ್ಲಿ ಅದು ಅಚ್ಚಾಯಿತು. 1542ರಲ್ಲಿ ಗಿಡಮೂಲಿಕೆಗಳ ದೊಡ್ಡ ಗ್ರಂಥ ಬರೆದ ಫುಕ್ಸ್ ಸತ್ತದ್ದು 1566ರಲ್ಲಿ, ಪಾಪ, ಈ ಹೂವನ್ನು ಕಣ್ಣಿಂದಲೂ ಕಂಡವನಲ್ಲ. ಇದರ ಹೆಚ್ಚಿನ ಜಾತಿಗಳ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಬೆಟ್ಟಗಳು. ಮಂಜು, ತಂಪು, ಮರದ ನೆರಳು, ಎಲೆಗೊಬ್ಬರದ ಹಗುರ ಮಣ್ಣು. 1788ರಲ್ಲಿ ಲಂಡನ್ನಿನ ಕ್ಯೂ ತೋಟಕ್ಕೆ ತಲುಪಿದ ಮೇಲೆ ಅಲ್ಲಿಯ ಸಿರಿವಂತರಿಗೆ ಅದರ ಹುಚ್ಚು ಹಿಡಿಯಿತು. 1830ರ ದಶಕದಲ್ಲಿ ನಥಾನಿಯಲ್ ವಾರ್ಡ್ ಎಂಬ ಲಂಡನ್ ವೈದ್ಯ ಗಾಜಿನ ಮುಚ್ಚಿದ ಪೆಟ್ಟಿಗೆಯಲ್ಲಿ ಗಿಡ ಇಟ್ಟರೆ ಒಳಗಿನ ತೇವ ಒಳಗೇ ಸುತ್ತುತ್ತದೆ, ತಿಂಗಳುಗಟ್ಟಲೆ ಹಡಗಿನಲ್ಲಿದ್ದರೂ ಬದುಕುತ್ತದೆ ಎಂದು ತೋರಿಸಿದ. ಅಮ್ಮನ ಕ್ಯಾನು ನೋಡಿದಾಗ ನನಗೆ ವಾರ್ಡ್ ನೆನಪಾದ. ಅವಳಿಗೆ ಹೇಳಿದರೆ, "ಇದಕ್ಕೆ ಡಾಕ್ಟ್ರು ಬೇಕಿತ್ತಾ?" ಅಂದಳು.

ನಮ್ಮ ದೇಶದಲ್ಲಿ ಈ ಗಿಡ ನೆಲೆ ಕಂಡದ್ದೂ ಬೆಟ್ಟಗಳಲ್ಲೇ: ಊಟಿ, ಕೊಡೈಕೆನಾಲ್, ಡಾರ್ಜಿಲಿಂಗ್. ಬೇಸಿಗೆ ತಡೆಯಲಾರದ ಬಿಳಿಯರು ಎಲ್ಲಿಗೆ ಹತ್ತಿದರೋ ಅವರ ಹೂಗಳೂ ಅಲ್ಲಿಗೇ ಹತ್ತಿದವು. 1834ರಲ್ಲಿ ಕೊಡಗು ಕಂಪನಿಯ ಕೈಗೆ ಹೋಗಿ, 1850ರ ದಶಕದಲ್ಲಿ ಅಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಎದ್ದವು. ಬಂಗಲೆ ಜಗಲಿಯ ತೂಗುಕುಂಡ ಆ ಬದುಕಿನ ಒಂದು ಭಾಗ. ಅಮ್ಮನ ಅಪ್ಪ ಒಂದು ತೋಟದಲ್ಲಿ ರೈಟರ್ ಆಗಿದ್ದರು. ದೊರೆಸಾನಿಯ ಕುಂಡದಿಂದ ಅಜ್ಜಿ ಕೇಳಿಯೋ ಕೇಳದೆಯೋ ಮುರಿದುಕೊಂಡ ಕಡ್ಡಿಯ ಸಂತಾನ ನಮ್ಮ ಮನೆಯದು. ಕೇಳದೆ ಎಂದೇ ನನ್ನ ಅನುಮಾನ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಮಾಲಾಡಿಗೆ ಸಮುದ್ರವೇ ಮಗ್ಗುಲಲ್ಲಿದೆ. ಹಗಲು 25 ಡಿಗ್ರಿಯ ಒಳಗೆ, ರಾತ್ರಿ ಇನ್ನೂ ತಂಪು ಎಂದಿದ್ದರೆ ಫ್ಯೂಷಿಯಾಕ್ಕೆ ಹಿತ. 30 ದಾಟಿದರೆ ಮೊಗ್ಗು ಉದುರಿಸುತ್ತದೆ. ಮುಂಬಯಿಯ ಮೇ ತಿಂಗಳಲ್ಲಿ ರಾತ್ರಿಯೇ 27ರ ಆಸುಪಾಸು! ಡಿಸೆಂಬರ್, ಜನವರಿ ಹೇಗೋ ನಗುನಗುತ್ತಾ ಕಳೆದವು, ನಾಲ್ಕು ಹೂವೂ ಬಿಟ್ಟಿತು. ಮಾರ್ಚಿನಲ್ಲಿ ಎಲೆಯಂಚು ಕಂದಾಗತೊಡಗಿತು.

ಎಲೆ ನೋಡುವುದನ್ನು ಅಮ್ಮನಿಂದ ಕಲಿಯಬೇಕು. ಅವಳು ಮೇಲ್ಭಾಗ ನೋಡುವುದೇ ಇಲ್ಲ, ನೇರ ಮಗುಚುತ್ತಾಳೆ. ಅದು ಕಾಫಿ ತೋಟದವರ ರೂಢಿ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿಯ ಕಾಫಿಯನ್ನೇ ನುಂಗಿದ ಎಲೆ ತುಕ್ಕು ರೋಗ ಶುರುವಾಗುವುದು ಎಲೆಯ ಅಡಿಯ ಕಿತ್ತಳೆ ಪುಡಿಯಿಂದ. ಫ್ಯೂಷಿಯಾಕ್ಕೂ ತುಕ್ಕು ಉಂಟು, ಬೂಷ್ಟು ಬೇರೆ, ಬಣ್ಣ ಅದೇ. ಅಂಥ ಎಲೆ ಕಂಡರೆ ಕಿತ್ತು ಮನೆಯಿಂದಾಚೆ ಹಾಕಬೇಕು, ಎಲೆಯ ಮೇಲೆ ನೀರು ಚಿಮುಕಿಸಬಾರದು. ಪುಡಿ ಇಲ್ಲದೆ ಸಣ್ಣ ಸಣ್ಣ ಬಿಳಿ ಚುಕ್ಕೆ, ಅಡಿಯಲ್ಲಿ ಜೇಡರ ಬಲೆಯಂಥ ಎಳೆ ಇದ್ದರೆ ಕೆಂಪು ನುಸಿ. ಅದಕ್ಕೆ ಒಣ ಸೆಕೆ ಇಷ್ಟ. ಅಡಿಭಾಗ ತೊಳೆದು ಸಂಜೆ ಬೇವಿನೆಣ್ಣೆ ಹೊಡೆದರೆ ಹಿಡಿತಕ್ಕೆ ಬರುತ್ತದೆ. ನಮ್ಮ ಗಿಡಕ್ಕೆ ಎರಡೂ ಇರಲಿಲ್ಲ. ಅಮ್ಮ ಎಲೆ ಬಿಟ್ಟು ಸುತ್ತ ನೋಡಿದಳು. ಪಕ್ಕದ ಫ್ಲ್ಯಾಟಿನ ಎಸಿಯ ಹೊರಪೆಟ್ಟಿಗೆ ಬಿಸಿಗಾಳಿಯನ್ನು ನೇರ ಕುಂಡಕ್ಕೇ ಊದುತ್ತಿತ್ತು! ಮೇಲಿನ ಸ್ಲ್ಯಾಬಿನ ಕಾವು ಬೇರೆ. ತೂಗುವ ಗಿಡವೆಂದು ತೂಗಲೇಬೇಕೇ? ಕೆಳಗಿಳಿಸಿ, ಒದ್ದೆ ತೆಂಗಿನ ನಾರು ತುಂಬಿದ ದೊಡ್ಡ ಕುಂಡದೊಳಗೆ ಕೂರಿಸಿ, ಬೆಳಗಿನ ಬಿಸಿಲು ಮಾತ್ರ ತಾಗುವ ಮೂಲೆಗೆ ಸರಿಸಿದಳು. ಗಿಡ ಸ್ವಲ್ಪ ಚೇತರಿಸಿಕೊಂಡಿತು.

ಮೇ ತಿಂಗಳಲ್ಲಿ ಪುನರ್ವಸತಿಯ ಕಾಗದಪತ್ರಕ್ಕೆಂದು ಅಮ್ಮ ಮಡಿಕೇರಿಗೆ ಹೋದಳು. "ಮಧ್ಯಾಹ್ನ ಬಾಡಿದ್ರೆ ನೀರು ಹಾಕ್ಬೇಡ ಮಗಾ, ಮೊದ್ಲು ಮಣ್ಣಿಗೆ ಬೆರಳು ಹಾಕಿ ನೋಡು," ಅಂತ ಮೂರು ಸಲ ಹೇಳಿದಳು. ಮಧ್ಯಾಹ್ನ ಬಾಡಿತು. ನರ್ಸರಿಯವನನ್ನು ಕೇಳಿದರೆ, "ಗರ್ಮಿ ಹೈ, ಪಾನಿ ಡಾಲೋ" ಅಂದ. ಹಾಕಿದೆ. ಮರುದಿನವೂ ಬಾಡಿತು, ಮತ್ತೆ ಹಾಕಿದೆ. ಬೇರು ಎಳೆಯುವುದಕ್ಕಿಂತ ಬೇಗ ಎಲೆ ನೀರು ಕಳೆದುಕೊಂಡರೆ ಮಣ್ಣು ಒದ್ದೆಯಿದ್ದರೂ ಗಿಡ ಜೋಲುತ್ತದೆ, ಸಂಜೆ ತಂಪಾದರೆ ತಾನೇ ಏಳುತ್ತದೆ. ಆ ಹೊತ್ತಿಗೆ ನೀರು ಹೊಯ್ದರೆ ಮಣ್ಣಿನೊಳಗಿನ ಗಾಳಿ ಹೋಗಿ ಬೇರು ಕೊಳೆಯುತ್ತದೆ. ಬೇರು ಕೊಳೆತ ಗಿಡ ಮತ್ತೆ ಬಾಡುತ್ತದೆ, ನೋಡಿದವರು ಮತ್ತೆ ನೀರು ಹಾಕುತ್ತಾರೆ. ಎಲೆಗಳು ಕೆಳಗಿನಿಂದ ಹಳದಿಯಾಗುತ್ತಾ ಬಂದವು. ಎಂಟನೇ ದಿನ ಕಾಂಡ ಹಿಡಿದು ಅಲ್ಲಾಡಿಸಿದರೆ ಗಿಡ ಕೈಗೇ ಬಂತು. ಬೇರು ಕಪ್ಪಗೆ, ನಾರುತ್ತಿತ್ತು.

ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ದಿನಾ "ಹೇಗಿದೆ?" ಎನ್ನುವಳು, "ಇದೆ" ಎನ್ನುವೆ. ಊರ ಮನೆಯಿಂದ ಬಂದ ಜೀವಂತ ವಸ್ತು ಅದೊಂದೇ ಆಗಿತ್ತು.

ಜೂನಿನಲ್ಲಿ ಬಂದವಳು ಖಾಲಿ ಕುಂಡ ನೋಡಿದಳು. ಏನೂ ಅನ್ನದೆ, ಕೈಕಾಲು ತೊಳೆದು ಕಾಫಿ ಕುಡಿದು, ನನ್ನನ್ನು ಹಿಂದಿನ ಗಲ್ಲಿಗೆ ಕರೆದುಕೊಂಡು ಹೋದಳು. ಅಲ್ಲಿ ಮಂಗಳೂರು ಕಡೆಯ ಬಾಯಮ್ಮ ಒಬ್ಬರ ಹಳೆಯ ಹೆಂಚಿನ ಮನೆ, ಹಲಸಿನ ಮರ, ಬಾವಿ. ಬಾವಿಕಟ್ಟೆಯ ನೆರಳಿನಲ್ಲಿ ಎರಡು ಮೊಸರಿನ ಡಬ್ಬಿ. ಫೆಬ್ರವರಿಯಲ್ಲೇ ಹೂವಿಲ್ಲದ ಎಳೆ ತುದಿಗಳನ್ನು ಗೆಣ್ಣಿನ ಕೆಳಗೆ ಮುರಿದು ಕೊಟ್ಟಿದ್ದಳಂತೆ. ಒಂದು ಒಣಗಿತ್ತು, ಇನ್ನೊಂದರಲ್ಲಿ ಆರು ಎಲೆ.

"ನನಗ್ಯಾಕೆ ಹೇಳಲಿಲ್ಲ?" ಅಂದೆ.

"ನೀನು ನೀರು ಹಾಕ್ತೀಯಾಂತ ಗೊತ್ತಿತ್ತು," ಅಂದಳು, ಎಲೆ ಮಗುಚಿ ಅಡಿ ನೋಡುತ್ತಾ.