ಜಗಲಿ, ಕುರ್ಚಿ, ಸೋಫಾ

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನಲ್ಲಿ ವಹಿಸಿಕೊಂಡಿದ್ದ ಹುದ್ದೆಗೂ, ನಿಮ್ಮ ಹಾಲಿನ ಕಿಟಕಿ ಪಕ್ಕ ಒಗೆದ ಬಟ್ಟೆಯ ರಾಶಿ ಹೊತ್ತುಕೊಂಡು ನಿಂತಿರುವ ದಿವಾನ್ ಕಾಟಿಗೂ ಹೆಸರು ಒಂದೇ. ತಮಾಷೆಗೆ ಹೇಳ್ತಿಲ್ಲ. ಪರ್ಶಿಯನ್ನಿನಲ್ಲಿ ದಿವಾನ್ ಅಂದರೆ ಮೊದಲು ಲೆಕ್ಕದ ದಫ್ತರ. ಆಮೇಲೆ ಆ ದಫ್ತರ ಇಟ್ಟುಕೊಂಡು ಕೂರುವ ಕಚೇರಿಗೆ, ಸಭೆಗೆ ಆ ಹೆಸರು ಬಂತು. ಸಭೆಯವರು ಗೋಡೆಗುಂಟ ಹಾಸಿದ ಉದ್ದನೆಯ ಮೆತ್ತೆಯ ಮೇಲೆ ಕೂರುತ್ತಿದ್ದರು, ಹಾಗಾಗಿ ಮೆತ್ತೆಗೂ ಅದೇ ಹೆಸರು ಅಂಟಿಕೊಂಡಿತು. ಸೋಫಾದ ಕತೆ ಇನ್ನೂ ಚೆನ್ನಾಗಿದೆ. ಅದರ ಮೂಲ ಅರಬ್ಬಿಯ ‘ಸುಫ್ಫ’. ನೆಲದಿಂದ ಒಂದಿಷ್ಟು ಎತ್ತರಿಸಿ ಕಟ್ಟಿ, ಮೇಲೆ ಕಂಬಳಿ, ದಿಂಬು ಹಾಸಿದ ಜಾಗ. ಅಂದರೆ ಹೆಚ್ಚುಕಮ್ಮಿ ನಮ್ಮ ಜಗಲಿ! ಕುರ್ಚಿಯೂ ಅರಬ್ಬಿಯಿಂದ ಬಂದದ್ದೇ. ಅಲಮಾರು ಪೋರ್ಚುಗೀಸರದ್ದು. ನಮ್ಮ ಹಾಲಿನಲ್ಲಿರುವ ಸಾಮಾನುಗಳ ಹೆಸರಲ್ಲಿ ಹಳೆಯ ಕನ್ನಡದವು ಹುಡುಕಿದರೆ ಚಾಪೆ, ಮಣೆಗೆ ಬಂದು ನಿಲ್ಲಬೇಕು.

ಹಾಲ್ ಹೇಗಿರಬೇಕು ಅಂತ ಇವತ್ತು ಯಾರನ್ನು ಕೇಳಿದರೂ ಬಣ್ಣ, ಬೆಳಕು, ಪರದೆ ಅಂತ ಶುರು ಮಾಡ್ತಾರೆ. ಚರಿತ್ರೆ ನೋಡಿದರೆ ಆ ಜಾಗದ ಮೊದಲ ಪ್ರಶ್ನೆ ಅದಾಗಿರಲಿಲ್ಲ. ಯಾರು ಎಲ್ಲಿ ಕೂರಬೇಕು, ಯಾರು ಕೂರಬಾರದು ಅನ್ನೋದು ಮೊದಲು ತೀರ್ಮಾನವಾಗುತ್ತಿತ್ತು. ಅಲಂಕಾರ ಆಮೇಲೆ.

ನನಗೆ ಚೆನ್ನಾಗಿ ಗೊತ್ತಿರುವುದು ಸಾಗರ ಸೀಮೆ, ಹಾಗಾಗಿ ಅಲ್ಲಿಯದ್ದೇ ಹೇಳ್ತೀನಿ. ಮಲೆನಾಡಿನ ದೊಡ್ಡ ಮನೆ ಅಂದರೆ ಮೊದಲು ಅಂಗಳ. ಅಂಗಳದಿಂದ ನಾಲ್ಕೈದು ಮೆಟ್ಟಿಲು ಹತ್ತಿದರೆ ಜಗಲಿ. ಜಗಲಿ ದಾಟಿದರೆ ನಡುಮನೆ, ಅದರಾಚೆ ದೇವರ ಕೋಣೆ, ಅಡುಗೆಮನೆ. ಇನ್ನೂ ದೊಡ್ಡ ಮನೆಯಾದರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕಂಬ, ಕಂಬದ ಹಿಂದೆ ಪಡಸಾಲೆ. ನೋಡಿಲ್ಲದವರು ತೀರ್ಥಹಳ್ಳಿ ಹತ್ತಿರದ ಕುಪ್ಪಳಿಗೆ ಹೋಗಿ ಕುವೆಂಪು ಅವರ ಮನೆ ನೋಡಬಹುದು, ಈಗ ಅದು ಸ್ಮಾರಕ. ಅಲ್ಲದಿದ್ದರೆ ಮಣಿಪಾಲ. ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಹಲಗೆಗೆ ಹಲಗೆ ಕೂಡಿಸಿ ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಮಧ್ಯಾಹ್ನದ ಬಿಸಿಲಲ್ಲಿ ಒಳಗೆ ಕಾಲಿಟ್ಟರೆ ಏಸಿ ಹಾಕಿದ ಹಾಗೆ ತಣ್ಣಗೆ. ಎಲ್ಲರೂ ಅಲ್ಲಿ ಕಂಬಕ್ಕೆ ಒರಗಿ ಫೋಟೋ ತೆಗೆಸಿಕೊಳ್ತಾರೆ.

ಆದರೆ ಆ ಮೆಟ್ಟಿಲುಗಳಿಗೆ ಒಂದು ಲೆಕ್ಕ ಇತ್ತು. ಸಮಾನರು ಬಂದರೆ ಜಗಲಿಯಲ್ಲಿ ಕಂಬಳಿ ಹಾಸಿ, ಕಾಲು ತೊಳೆಯಲು ನೀರು ಕೊಟ್ಟು, ಕವಳದ ತಟ್ಟೆ ಮುಂದಿಡುವುದು. ನೆಂಟರಾದರೆ ನಡುಮನೆ. ಗೇಣಿ ಒಕ್ಕಲು ಬಂದರೆ ಅಂಗಳ. ಒಕ್ಕಲಿನಲ್ಲೂ ಜಾತಿ ನೋಡಿಕೊಂಡು ಯಾರು ಮೆಟ್ಟಿಲ ಹತ್ತಿರ, ಯಾರು ಅಡಿಕೆ ಚಪ್ಪರದ ಆಚೆ ಅನ್ನೋದಿತ್ತು. ಬೋರ್ಡ್ ಯಾರೂ ಹಾಕಿರಲಿಲ್ಲ. ಮಕ್ಕಳಿಗೂ ಗೊತ್ತಿರುತ್ತಿತ್ತು. ನಾವು ಆಫೀಸಿನಲ್ಲಿ ಆಕ್ಸೆಸ್ ಕಾರ್ಡ್ ತೋರಿಸಿ ಬಾಗಿಲು ತೆಗೀತೀವಲ್ಲ, ಅಲ್ಲಿ ಕಾರ್ಡ್ ಇಲ್ಲದೆಯೇ ಆ ವ್ಯವಸ್ಥೆ ಒಂದು ದಿನವೂ ಕೆಡದೆ ನಡೆಯುತ್ತಿತ್ತು.

ನನ್ನ ಅಜ್ಜ ಅಂಗಳದವನು. ದೀವರ ಜಾತಿಯ ಗೇಣಿ ಒಕ್ಕಲು. ಸುಗ್ಗಿಯಲ್ಲಿ ಭತ್ತ ಹೊತ್ತು ಒಡೇರ ಮನೆ ಅಂಗಳಕ್ಕೆ ಹಾಕಬೇಕು, ಅಲ್ಲಿ ಕೊಳಗದಲ್ಲಿ ಅಳೆಯುತ್ತಾರೆ. ಆ ಕೊಳಗ ದೊಡ್ಡದು ಅನ್ನೋದೇ ಜಗಳ. ಗೇಣಿ ತಗೊಳ್ಳುವಾಗಿನ ಕೊಳಗ ಬೇರೆ, ಪೇಟೆಯ ಕೊಳಗ ಬೇರೆ. ನಮ್ಮ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಇದೇ ಕೊಳಗದಿಂದ ಶುರುವಾದ ಸಿಟ್ಟಿನಲ್ಲಿ. ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿಗಳಾದ ಶಾಂತವೇರಿ ಗೋಪಾಲಗೌಡರು ಜೊತೆಯಾದರು, ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಅರೆಸ್ಟ್ ಆದರು. ಪುಸ್ತಕದಲ್ಲಿ ಇದನ್ನು ಭೂಮಿಯ ಹೋರಾಟ ಅಂತ ಓದ್ತೀವಿ. ಸರಿಯೇ. ಅಜ್ಜ ಮಾತ್ರ ಅದರ ಕತೆ ಹೇಳುವಾಗ ಭತ್ತದ ಲೆಕ್ಕ ಬೇಗ ಮುಗಿಸಿಬಿಡುತ್ತಿದ್ದ. ನಿಂತದ್ದರ ಬಗ್ಗೆಯೇ ಜಾಸ್ತಿ. “ಅಳದು ಮುಗಿಯೋವರಿಗೂ ನಿಂತಿರ್ಬೇಕು ಮಾರಾಯಾ, ಕಾಲು ಮರಗಟ್ಟತಿತ್ತು” ಅಂತ.

ಉಳುವವನೇ ಹೊಲದೊಡೆಯ ಕಾನೂನಿಗೆ ದೇವರಾಜ ಅರಸರ ಸರ್ಕಾರ ಹಲ್ಲು ಕೊಟ್ಟದ್ದು 1974ರ ಮಾರ್ಚ್ 1ರಿಂದ. ಗೇಣಿದಾರರು ಫಾರಂ ನಂಬರ್ 7 ತುಂಬಿ ಕೊಡಬೇಕಿತ್ತು. ಊರಲ್ಲಿ ಇವತ್ತಿಗೂ ಅದಕ್ಕೆ ‘ಡಿಕ್ಲರೇಶನ್ ಕೊಟ್ಟದ್ದು’ ಅಂತಲೇ ಹೇಳೋದು. ಅರ್ಜಿಗಳ ವಿಚಾರಣೆಗೆ ತಾಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿ ಕೂರುತ್ತಿತ್ತು, ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಒಡೆಯರೂ ಒಕ್ಕಲೂ ತಾವೇ ನಿಂತು ಮಾತಾಡಬೇಕು. ಕಚೇರಿ ಹೊರಗೆ ಒಂದೇ ಬೆಂಚು. ಅದರ ಒಂದು ತುದಿಯಲ್ಲಿ ಒಡೇರು ಕೂತಿದ್ದರಂತೆ, ಅಜ್ಜ ಗೋಡೆಗೆ ಆತು ನಿಂತಿದ್ದನಂತೆ. ಜವಾನ ಬಂದು “ದಾರಿಗೆ ಅಡ್ಡ ನಿಲ್ಲಬೇಡ, ಆ ಬೆಂಚಲ್ಲಿ ಕೂತ್ಕೋ” ಅಂತ ಗದರಿದ. ಅಜ್ಜ ಇನ್ನೊಂದು ತುದಿಯಲ್ಲಿ ಕೂತ. ಒಡೇರು ಏನೂ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಇಬ್ಬರೂ ಮಧ್ಯಾಹ್ನದವರೆಗೆ ಹಾಗೇ.

ಗದ್ದೆ ಅಜ್ಜನ ಹೆಸರಿಗಾಯಿತು. ಮರುವರ್ಷ ಅಡಿಕೆಯ ದುಡ್ಡು ಬಂದ ತಕ್ಷಣ ಅವನು ಆಚಾರಿಯನ್ನು ಕರೆಸಿ ಹಲಸಿನ ಮರದಲ್ಲಿ ಒಂದು ಬೆಂಚು ಮಾಡಿಸಿದ. ಒರಗಲು ಬೆನ್ನಿಲ್ಲ, ಕೈ ಇಡಲು ಜಾಗವಿಲ್ಲ, ತಾಲೂಕು ಕಚೇರಿಯ ಬೆಂಚಿನ ಅಳತೆಯೇ. ನಮ್ಮ ಮನೆಯ ಮೊದಲ ಫರ್ನಿಚರ್ ಅದು. ಕಂಫರ್ಟ್ ದೃಷ್ಟಿಯಿಂದ ಹತ್ತಕ್ಕೆ ಎರಡು ಅಂಕ ಕೊಡಬಹುದು.

ಒಕ್ಕಲಿನ ಮನೆ ಅಂದರೆ ಬೋಳು ಗೋಡೆ ಅಂದುಕೊಳ್ಳಬೇಡಿ. ದೀವರ ಮನೆಯ ಗೋಡೆ ನೋಡಿದವರು ಹಾಗೆ ಹೇಳುವುದಿಲ್ಲ. ಮಣ್ಣಿನ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹೆಂಗಸರು ಚಿತ್ತಾರ ಬರೆಯುತ್ತಿದ್ದರು. ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಮದುವೆಗೆ ಬರೆಯುವ ಹಸೆಗೋಡೆ ಚಿತ್ತಾರ ಎಲ್ಲಕ್ಕಿಂತ ದೊಡ್ಡದು, ಅದರ ಎದುರಿಗೇ ಗಂಡು ಹೆಣ್ಣನ್ನು ಹಸೆಗೆ ಕೂರಿಸುವುದು. ಎಳೆ ಎಳೆಯಾಗಿ ಅಡ್ಡ, ಉದ್ದ, ಓರೆ ಗೆರೆಗಳು ಒಂದರೊಳಗೊಂದು ಹೋಗಿ ಚೌಕವಾಗುತ್ತವೆ, ಚೌಕದೊಳಗೆ ಮತ್ತೆ ಚೌಕ. ಸ್ಕೇಲ್ ಇಲ್ಲ, ಮೊದಲು ಪೆನ್ಸಿಲ್ಲಲ್ಲಿ ಗುರುತು ಹಾಕಿಕೊಳ್ಳೋದೂ ಇಲ್ಲ. ಕಾಲೇಜಿನಲ್ಲಿ ರಿಕರ್ಶನ್ ಪಾಠ ಮಾಡಿದಾಗ ಕ್ಲಾಸಿನಲ್ಲಿ ಎಷ್ಟೋ ಜನಕ್ಕೆ ತಲೆಬುಡ ತಿಳಿಯಲಿಲ್ಲ. ನನಗೆ ಅಜ್ಜಿಯ ಗೋಡೆ ಕಣ್ಣಮುಂದೆ ಬಂತು.

ಆ ಅಜ್ಜಿ ಬೆಂಚಿನ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಗೋಡೆ ಅವಳದ್ದು, ಕೂರುವ ಜಾಗ ಗಂಡಸರದ್ದು. ಜಗಲಿಯಲ್ಲಿ ಯಾರಾದರೂ ಇದ್ದರೆ ಅವಳು ಅಡುಗೆಮನೆ ಬಾಗಿಲ ಹೊಸ್ತಿಲಿನ ಈಚೆ ನೆಲದ ಮೇಲೆ ಕೂತು ಅಲ್ಲಿಂದಲೇ ಮಾತಿಗೆ ಮಾತು ಸೇರಿಸುತ್ತಿದ್ದಳು. ಒಡೇರ ಮನೆಯ ಹೆಂಗಸರೂ ಅಷ್ಟೇ, ಜಗಲಿಗೆ ಬರುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ಎರಡು ಮನೆಗೂ ವ್ಯತ್ಯಾಸ ಇರಲಿಲ್ಲ.

ನಡುಮನೆಯ ಲೆಕ್ಕ ತಪ್ಪಿದ್ದು ಟಿವಿಯಿಂದ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ, ಮರುವರ್ಷ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶಕ್ಕೆ ಬಣ್ಣದ ಟಿವಿ ಬಂತು. ನಮ್ಮೂರಿಗೆ ತಲುಪಲು ತೊಂಬತ್ತರ ದಶಕ ಬೇಕಾಯಿತು, ಅದೂ ಮೊದಲು ಒಡೇರ ಮನೆಗೆ. ಭಾನುವಾರ ಸಂಜೆಯ ಸಿನಿಮಾಕ್ಕೆ ನಮ್ಮ ಕೇರಿಯ ಮಕ್ಕಳೆಲ್ಲ ಹೋಗುತ್ತಿದ್ದೆವು. ಮೊದಲ ಕೆಲವು ವಾರ ಜಗಲಿಯ ಕಿಟಕಿಯಿಂದ. ಕಿಟಕಿಗೆ ಜೋತುಬಿದ್ದರೆ ಒಳಗಿನವರಿಗೆ ಗಾಳಿ ಬೆಳಕು ಬರಲ್ಲ, ಗಲಾಟೆ ಬೇರೆ. ಒಂದು ದಿನ ಆ ಮನೆಯ ಅಮ್ಮ ಬೇಸತ್ತು “ಒಳಗೇ ಬಂದು ಕೂತ್ಕೊಳ್ರೋ” ಅಂದರು. ಅಜ್ಜ ಜೀವಮಾನದಲ್ಲಿ ಕಾಣದ ನಡುಮನೆಯನ್ನು ನಾನು ಏಳನೇ ವಯಸ್ಸಿಗೆ ನೋಡಿದೆ. ರಾಜಕುಮಾರ್ ಕತ್ತಿ ಹಿಡಿದಿದ್ದ ಹೊತ್ತು. ನಾನು ನಡುಮನೆ ಗಿಡುಮನೆ ಏನೂ ಗಮನಿಸಲಿಲ್ಲ.

ಟಿವಿ ಇನ್ನೊಂದು ಕೆಲಸ ಮಾಡಿತು. ಅಲ್ಲಿಯವರೆಗೆ ಜಗಲಿಯಲ್ಲಿ ಕೂತವರ ಮುಖ ಅಂಗಳದ ಕಡೆ, ದಾರಿಯ ಕಡೆ. ಟಿವಿ ಬಂದ ಮೇಲೆ ಮನೆಯವರೆಲ್ಲ ದಾರಿಗೆ ಬೆನ್ನು ಹಾಕಿ ಗೋಡೆ ಕಡೆ ತಿರುಗಿದರು. ಇವತ್ತಿಗೂ ಸೋಫಾ ಎಲ್ಲಿಡಬೇಕು ಅನ್ನೋದನ್ನು ನಿರ್ಧರಿಸುವುದು ಟಿವಿ ಯುನಿಟ್ಟೇ. ಎದುರುಬದುರು ಕೂತು ಮಾತಾಡುವ ಹಾಗೆ ಸೀಟು ಹಾಕಿರುವ ಹಾಲ್ ನಿಮ್ಮ ಗೆಳೆಯರಲ್ಲಿ ಎಷ್ಟು ಜನರ ಮನೆಯಲ್ಲಿದೆ, ಎಣಿಸಿ ನೋಡಿ.

ಇದೇ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿ ಬಂತು. ಇಂಟೀರಿಯರ್ ಡಿಸೈನರುಗಳು ಅದನ್ನು ಕಂಡರೆ ಮುಖ ಸಿಂಡರಿಸುತ್ತಾರೆ. ನನಗೆ ಅದರ ಮೇಲೆ ಗೌರವ ಇದೆ. ಒಂದೇ ಅಚ್ಚಿನಲ್ಲಿ ಎರೆದ ಇಂಥ ಕುರ್ಚಿಗಳು ಯುರೋಪಿನಲ್ಲಿ ಅರವತ್ತು, ಎಪ್ಪತ್ತರ ದಶಕದಲ್ಲಿ ರೂಪುಗೊಂಡವು. ನಮ್ಮೂರಿನ ಮದುವೆ ಚಪ್ಪರಕ್ಕೆ ಬರುವಷ್ಟರಲ್ಲಿ ಬಾಡಿಗೆಗೆ ಸಿಗುವಷ್ಟು ಅಗ್ಗವಾಗಿದ್ದವು. ಎಲ್ಲವೂ ಒಂದೇ ಎತ್ತರ, ಒಂದೇ ಬಣ್ಣ. ಒಡೇರಿಗೆ ಬೇರೆ, ಒಕ್ಕಲಿಗೆ ಬೇರೆ ಅಂತ ಹಾಕಲಿಕ್ಕೆ ಬರಲ್ಲ. ಹಾಕಬೇಕು ಅಂದರೆ ಮೊದಲ ಸಾಲಿಗೆ ಬಿಳಿ ಬಟ್ಟೆ ಹೊದಿಸಬೇಕು. ಅದನ್ನೂ ಹೊದಿಸಿದರು ಅನ್ನಿ.

ಈಗ ಬೆಂಗಳೂರಿಗೆ ಬರ್ತೀನಿ. ಎರಡು ವರ್ಷದ ಹಿಂದೆ ಫ್ಲ್ಯಾಟ್ ತಗೊಂಡೆವು. ಹಾಲ್ ಹನ್ನೊಂದು ಅಡಿಗೆ ಹದಿನೇಳು. ನಾಗಸಂದ್ರದಲ್ಲಿ 2022ರಲ್ಲಿ ಶುರುವಾದ ಐಕಿಯಾಕ್ಕೆ ಎಲ್ಲರ ಹಾಗೆ ನಾವೂ ಎರಡು ಶನಿವಾರ ಸುತ್ತಿದೆವು, ಆಮೇಲೆ ಒಬ್ಬ ಡಿಸೈನರನ್ನು ಕರೆಸಿದೆವು. ಹುಡುಗ ಬುದ್ಧಿವಂತ. ಬೆಳಕಿನ ಬಗ್ಗೆ ಹೇಳಿದ್ದೆಲ್ಲ ಸರಿ ಇತ್ತು. ಬಿಳಿ ಟ್ಯೂಬ್‌ಲೈಟ್ ತೆಗೆದು 3000 ಕೆಲ್ವಿನ್‌ನ ಹಳದಿ ಬೆಳಕನ್ನು ಮೂಲೆಗಳಿಗೆ ಹಾಕಿಸಿ ಅಂದ, ಹಾಕಿಸಿದೆವು, ಸಣ್ಣ ಹಾಲ್ ದೊಡ್ಡದಾದ ಹಾಗಾಯಿತು. ಆಮೇಲೆ ಟ್ಯಾಬ್‌ನಲ್ಲಿ ಒಂದು ಕಂಬ ತೋರಿಸಿದ. ಮಲೆನಾಡಿನ ಹಳೆಯ ತೊಟ್ಟಿಮನೆಯದ್ದು, ಕೆತ್ತನೆ ಇರುವ ಬೀಟೆ ಮರ. “ಸರ್, ನೀವೂ ಶಿವಮೊಗ್ಗ ಕಡೆಯವರೇ ಅಲ್ವಾ, ಇದು ನಿಮ್ಮ ರೂಟ್ಸ್. ಜೋಡಿ ಕಂಬ ಸೋಫಾ ಹಿಂದೆ ನಿಲ್ಲಿಸಿದರೆ ಹಾಲ್‌ಗೆ ಒಂದು ತೂಕ ಬರುತ್ತೆ.”

ಕಂಬ ನಿಜಕ್ಕೂ ಚೆಂದ ಇತ್ತು. ಅಂಥ ಕಂಬಗಳನ್ನು ಅಜ್ಜ ಅಂಗಳದಿಂದ ನೋಡಿದ್ದ. ನಾನು ಬೇಡ ಅಂದೆ. ಕಾರಣ ಕೇಳಿದ. ಬಜೆಟ್ ಜಾಸ್ತಿಯಾಗುತ್ತೆ ಅಂದೆ, ಅದೂ ಸುಳ್ಳಲ್ಲ. ಕಂಬ ತಂದು ನಿಲ್ಲಿಸಿಕೊಂಡವರ ಬಗ್ಗೆ ನನಗೆ ತಕರಾರಿಲ್ಲ, ಆ ಮರಗೆಲಸ ಮಾಡಿದ ಆಚಾರಿಯೂ ಬಹುಶಃ ಆ ಮನೆಯ ಜಗಲಿ ಹತ್ತಿ ಕೂತವನಲ್ಲ. ಮರ ಗೆದ್ದಲಿಗೆ ಹೋಗುವ ಬದಲು ಯಾರದೋ ಮನೆಯಲ್ಲಿ ಉಳಿಯಲಿ. ಅದನ್ನು ‘ನಮ್ಮ ರೂಟ್ಸ್’ ಅನ್ನುವಾಗ ಮಾತ್ರ ಕಂಬದ ಯಾವ ಕಡೆಯ ರೂಟ್ಸ್ ಅಂತ ಕೇಳಬೇಕು ಅನಿಸುತ್ತದೆ.

ಸೋಫಾದ ವಿಷಯದಲ್ಲಿ ನಾನೂ ನನ್ನ ಹೆಂಡತಿಯೂ ಬಹಳ ಕಿತ್ತಾಡಿದೆವು. ಅಂಗಡಿಯಲ್ಲಿ ಚೆಂದ ಕಾಣುವ ಸೋಫಾಗಳು ತೀರಾ ತಗ್ಗು, ತೀರಾ ಆಳ. ಅಮ್ಮ ಅದರಲ್ಲಿ ಕೂತರೆ ಏಳಲು ಇಬ್ಬರು ಬೇಕು. ಕೊನೆಗೆ ಸೀಟು ನೆಲದಿಂದ ಹದಿನೆಂಟು ಇಂಚು ಎತ್ತರ ಇರುವುದನ್ನು ಹುಡುಕಿದೆವು, ಕೂರುವ ಜಾಗ ಗಟ್ಟಿ, ಎರಡೂ ಕಡೆ ಕೈ. ಅಷ್ಟು ಸ್ಟೈಲಾಗಿಲ್ಲ. ಅಮ್ಮ ಮೊದಲ ಸಲ ಬಂದವಳು ಸೋಫಾದ ನಡುಮಧ್ಯ ಕೂತು ಕಾಲು ಮಡಚಿಕೊಂಡು ಮೊಬೈಲಿನಲ್ಲಿ ಸೀರಿಯಲ್ ಹಾಕಿಕೊಂಡಳು. ಹೊಸ್ತಿಲ ಹತ್ತಿರ ಹೋಗಲಿಲ್ಲ. ಅಲ್ಲಿ ಶೂ ರ‍್ಯಾಕ್ ಇದೆ.

ನಮ್ಮಲ್ಲಿ ಅಡುಗೆಗೆ ಬರುವ ಅಕ್ಕ ಮಾತ್ರ ಆ ಸೋಫಾದಲ್ಲಿ ಕೂತಿಲ್ಲ. ಕಾಫಿ ಕುಡಿಯುವಾಗ ಸೋಫಾಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂರ್ತಾರೆ. ಮೇಲೆ ಕೂತ್ಕೊಳ್ಳಿ ಅಂತ ಅಮ್ಮನೇ ನಾಲ್ಕೈದು ಸಲ ಹೇಳಿದಳು. “ಇಲ್ಲೇ ತಣ್ಣಗಿದೆ ಬಿಡಿ ಅಮ್ಮ” ಅಂದರು. ಇನ್ನೊಂದು ಫ್ಲೋರಿನ ಮನೆಯಲ್ಲಿ ಅವರಿಗೆ ಬೇರೆ ಲೋಟ ಇದೆ ಅಂತ ಆಮೇಲೆ ಗೊತ್ತಾಯಿತು. ಈಗ ಕೆಲವು ದಿನ ಅಮ್ಮನೂ ಕಾಫಿ ಹಿಡಿದು ಕೆಳಗೇ ಕೂರುತ್ತಾಳೆ, ಕೆಲವು ದಿನ ಮಂಡಿನೋವು ಅಂತ ಮೇಲೆ.

ಸೋಫಾ ಹಿಂದಿನ ಗೋಡೆಗೆ ಚಿತ್ತಾರದ ಒಂದು ಚೌಕಟ್ಟು ತಂದೆವು. ಸಾಗರದ ಕಡೆಯ ಹೆಂಗಸರು ಈಗ ಬಟ್ಟೆಯ ಮೇಲೆ, ಹಲಗೆಯ ಮೇಲೆ ಬರೆದು ಮಾರುತ್ತಾರೆ, ಬೆಂಗಳೂರಿನ ಮೇಳಗಳಲ್ಲೂ ಸಿಗುತ್ತದೆ. ಎರಡು ಅಡಿಗೆ ಮೂರು ಅಡಿ. ಹಣ ಕೊಟ್ಟು ತಂದ ಅದನ್ನು ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದಳು. ಎಳೆಗಳನ್ನು ಬೆರಳಲ್ಲಿ ಎಣಿಸಿದಳು, ಒಂದು ಕಡೆ ಒಂದು ಎಳೆ ಕಮ್ಮಿ ಇದೆ ಅಂದಳು. ಮರುದಿನ ನೋಡಿದರೆ ಚೌಕಟ್ಟಿನ ಗಾಜು ಬಿಚ್ಚಿ, ಅಕ್ಕಿ ಅರೆದು, ಬಡ್ಸ್ ಕಡ್ಡಿಯ ತುದಿಗೆ ಅದ್ದಿಕೊಂಡು ಆ ಎಳೆಯನ್ನು ಸೇರಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಅಕ್ಕ ಅರೆದ ಅಕ್ಕಿಯ ಬಟ್ಟಲು ಹಿಡಿದಿದ್ದರು.