ಕೈರೋ ನಗರದ ಹಬ್ಬದ ಕಹಕ್

ರಮಜಾನ್ ತಿಂಗಳ ಉಪವಾಸವು ಮುಗಿದು ಈದ್ ಹಬ್ಬವು ಬಂದಿತೆಂದರೆ ನಮ್ಮ ನಾಡಿನ ಮುಸಲ್ಮಾನರ ಮನೆಗಳಲ್ಲಿ ಶಾವಿಗೆ, ಹಾಲು, ಖರ್ಜೂರಗಳಿಂದ ಶೀರ್ ಖುರ್ಮಾ ಸಿದ್ಧವಾಗುವುದನ್ನು ಶ್ರೋತೃಗಳು ಬಲ್ಲರು. ಅದು ಒಲೆಯ ಮೇಲಣ ಪಾತ್ರೆಯಲ್ಲಿ ಆಗತಕ್ಕ ಅಡಿಗೆ. ಈಜಿಪ್ಟ್ ದೇಶದಲ್ಲಾದರೋ ಅದೇ ಹಬ್ಬದ ತಿನಿಸು ಭಟ್ಟಿಯೊಳಗೆ ಬೇಯತಕ್ಕದ್ದು. ಗೋಧಿಹಿಟ್ಟಿಗೆ ತುಪ್ಪವನ್ನು ತಿಕ್ಕಿ, ಹುದುಗು ಬೆರೆಸಿ, ಒಳಗೆ ಖರ್ಜೂರವನ್ನೋ ಬೀಜಗಳನ್ನೋ ತುಂಬಿ ಬೇಯಿಸಿ, ಮೇಲೆ ಸಕ್ಕರೆಯ ಪುಡಿಯನ್ನು ಉದುರಿಸಿದ ಆ ಬಿಲ್ಲೆಗೆ ಕಹಕ್ ಎಂದು ಹೆಸರು.

ಇದು ಫೆರೋಗಳ ಕಾಲದಿಂದ ಬಂದದ್ದೆಂದು ಹೇಳುವವರು ಬಹುಮಂದಿ. ಥೀಬ್ಸಿನಲ್ಲಿ ರೆಖ್ಮಿರೆ ಎಂಬ ಮಂತ್ರಿಯ ಸಮಾಧಿಯ ಗೋಡೆಗಳ ಮೇಲೆ ಸಿಹಿರೊಟ್ಟಿ ಮಾಡುವವರ ಚಿತ್ರಗಳು ಇರುವುದೇನೋ ನಿಜ. ಆದರೆ ಹಿಟ್ಟು, ಜೇನುಗಳ ಹೋಲಿಕೆಯೊಂದರಿಂದಲೇ ವಂಶವೃಕ್ಷವನ್ನು ಬರೆಯುವುದು ನಮಗೆ ಸಮ್ಮತವಲ್ಲ.

ಲಿಖಿತ ಆಧಾರವು ದೊರೆಯುವುದು ಇಸ್ಲಾಮೀ ಯುಗದಲ್ಲಿ. 10ನೆಯ ಶತಮಾನದಲ್ಲಿ ಮಾಧರಾಈ ಎಂಬ ಶ್ರೀಮಂತ ಅಧಿಕಾರಿಯು ಔತಣದ ಬಿಲ್ಲೆಗಳಲ್ಲಿ ಚಿನ್ನದ ದಿನಾರುಗಳನ್ನು ಅಡಗಿಸಿಡಿಸಿದನೆಂದೂ, ಅತಿಥಿಗಳು ನೋಡಿಕೊಂಡು ತಿನ್ನಲೆಂದು ಆ ಭಕ್ಷ್ಯಕ್ಕೆ ‘ಎಚ್ಚರಿಕೆ’ ಎಂಬರ್ಥದ ಹೆಸರು ಬಂದಿತೆಂದೂ ಕಥೆಯುಂಟು. ಆಮೇಲೆ ಬಂದವರು ಫಾತಿಮೀ ಖಲೀಫರು. ಅವರಲ್ಲಿ ಅಲ್ ಅಜೀಜನು (975–996) ಹಬ್ಬದ ಭಕ್ಷ್ಯಗಳಿಗಾಗಿಯೇ ‘ದಾರುಲ್ ಫಿತ್ರಾ’ ಎಂಬ ಪ್ರತ್ಯೇಕ ಶಾಲೆಯನ್ನು ಕಟ್ಟಿಸಿದನು. ರಮಜಾನಿಗೆ ಒಂದೂವರೆ ತಿಂಗಳ ಮುಂಚೆಯೇ, ರಜಬ್ ಮಾಸದ ನಡುವಿನಲ್ಲಿ, ಅಲ್ಲಿ ಕೆಲಸವು ಮೊದಲಾಗುತ್ತಿತ್ತು. 11ನೆಯ ಶತಮಾನದ ನಡುವಿನಲ್ಲಿ ಕೈರೋವಿಗೆ ಬಂದ ಪಾರಸೀಕ ಯಾತ್ರಿಕ ನಾಸಿರ್ ಖುಸ್ರೋ, ಈದಿನ ಔತಣಕ್ಕಾಗಿ ಪೂರ್ತಿ ಸಕ್ಕರೆಯಿಂದಲೇ ಮಾಡಿದ್ದ ಕಿತ್ತಳೆಯ ಮರವೊಂದನ್ನು ಅರಮನೆಯಲ್ಲಿ ಕಂಡುದಾಗಿ ಬರೆದಿದ್ದಾನೆ. ಭಕ್ಷ್ಯದ ಹಂಚಿಕೆಯಲ್ಲಿ ಔದಾರ್ಯವೂ ಇತ್ತು, ರಾಜಕಾರಣವೂ ಇತ್ತು: ದೊರೆಯ ಸಿಹಿಯನ್ನು ತಿಂದವನು ದೊರೆಯ ಪ್ರಜೆ.

1171ರಲ್ಲಿ ಸಲಾಹುದ್ದೀನನು ಆ ವಂಶದ ಆಳ್ವಿಕೆಯನ್ನು ಕೊನೆಗಾಣಿಸಿದನು. ಅರಮನೆಯ ಭಕ್ಷ್ಯಶಾಲೆಯು ಹೋಯಿತು, ಕಹಕ್ ಹೋಗಲಿಲ್ಲ. ಕಾರಣವೇನು? ಅದರ ನಿಜವಾದ ಭಕ್ಷ್ಯಶಾಲೆಯು ಊರಿನ ಮನೆಗಳಲ್ಲಿತ್ತೆಂದೇ ನಮ್ಮ ಅಭಿಪ್ರಾಯ. ಚರಿತ್ರಕಾರರು ಖಲೀಫನ ಹೆಸರನ್ನು ಉಳಿಸಿದರು, ಹಿಟ್ಟು ನಾದಿದ ತಾಯಂದಿರ ಹೆಸರನ್ನು ಉಳಿಸಲಿಲ್ಲ. ಆ ಕೈಗಳ ಕೆಲಸಕ್ಕೆ ಸಾಕ್ಷಿ ಬೇಕೆಂದರೆ ಹಳೆಯ ಅಚ್ಚುಗಳನ್ನು ನೋಡಬೇಕು. ಕೈರೋವಿನ ಇಸ್ಲಾಮೀ ಕಲೆಯ ವಸ್ತುಸಂಗ್ರಹಾಲಯದಲ್ಲಿರುವ ಕೆಲವು ಅಚ್ಚುಗಳ ಮೇಲೆ, ತಿಂದು ದೇವರನ್ನು ನೆನೆಯಿರೆಂಬ ಅರ್ಥದ ಮಾತುಗಳನ್ನು ಕೊರೆದಿದೆ.

ಮನೆಯ ಈ ಕೆಲಸವು ಒಬ್ಬಳಿಂದ ಆಗತಕ್ಕದ್ದಲ್ಲ. ರಮಜಾನಿನ ಕಡೆಯ ದಿನಗಳಲ್ಲಿ ಅತ್ತೆ, ಸೊಸೆ, ನೆರೆಯವರು ಒಟ್ಟಾಗಿ ಕುಳಿತು ಹಿಟ್ಟು ನಾದುವರು. ಅದೂ ಉಪವಾಸದ ದಿನ, ರುಚಿ ನೋಡದೆಯೇ! ಬಿಲ್ಲೆಯ ಮೇಲೆ ಗೆರೆಗಳನ್ನು ಎಬ್ಬಿಸಲು ‘ಮನ್ಕಾಶ್’ ಎಂಬ ಹಲ್ಲುಳ್ಳ ಪುಟ್ಟ ಚಿಮುಟವೊಂದುಂಟು. ಆ ಕೆಲಸವು ಮಕ್ಕಳಿಗೆ ಬಲು ಪ್ರಿಯವಾದುದು. ಮನೆಯಲ್ಲಿ ಭಟ್ಟಿಯಿಲ್ಲದ ಕಾಲದಲ್ಲಿ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಬೀದಿಯ ರೊಟ್ಟಿಯವನ ಭಟ್ಟಿಗೆ ಒಯ್ಯುತ್ತಿದ್ದರು. ಎಲ್ಲ ಮನೆಗಳ ತಟ್ಟೆಗಳೂ ಒಂದೇ ಬೆಂಕಿಯಲ್ಲಿ ಬೇಯುತ್ತಿದ್ದುದರಿಂದ ತಮ್ಮ ತಟ್ಟೆ ಯಾವುದೆಂದು ಗುರುತಿಟ್ಟುಕೊಳ್ಳುವುದೂ ಒಂದು ಜಾಣತನವಾಗಿತ್ತು.

ಅರಮನೆಯ ಸಿಹಿಯು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಮನೆಯ ಕಹಕ್ ಬಾಗಿಲಿನಿಂದ ಬಾಗಿಲಿಗೆ ಹೋಗುತ್ತದೆ. ಈಜಿಪ್ಟಿನ ಕ್ರೈಸ್ತರಾದ ಕಾಪ್ಟರೂ ತಮ್ಮ ಕ್ರಿಸ್ಮಸ್ಸಿಗೆ, ಈಸ್ಟರಿಗೆ ಇದೇ ಕಹಕನ್ನು ಮಾಡುತ್ತಾರೆ. ಈಗ ಅಂಗಡಿಗಳಲ್ಲಿ ಡಬ್ಬಿಗಟ್ಟಲೆ ಮಾರಾಟಕ್ಕೆ ಬಂದಿದೆ, ಕೊಳ್ಳುವವರೂ ಅನೇಕರು. ಆದರೂ ಅಂಗಡಿಯ ಡಬ್ಬಿಯನ್ನು ತಂದ ಮನೆಗಳಲ್ಲೂ ಕೆಲವೆಡೆ ಹಬ್ಬದ ಮುನ್ನ ಒಂದು ತಟ್ಟೆಯಷ್ಟು ಹಿಟ್ಟನ್ನು ನಾದುವುದುಂಟು. ಹುಡುಗಿಯರ ಕೈಗೆ ಮನ್ಕಾಶನ್ನು ಕೊಡಬೇಕಲ್ಲವೆ?